ಕೈಗೆ ಸುತ್ತಿದ ಹುರಿ

೪ ಅಕ್ಟೋಬರ್ ೧೯೭೮, ಮುಂಡರಗಿ

ಯಾರದು ಈ ಪುಸ್ತಕ ತೆರೆದವರು? ಕೈ ತೊಳೆದಿದ್ದೀರೋ ಇಲ್ಲವೋ? ಮುದುಕಿಯ ಟ್ರಂಕಿಗೆ ಕೈ ಹಾಕುವ ಬುದ್ಧಿಯನ್ನು ಯಾವ ಶಾಲೆಯಲ್ಲಿ ಕಲಿಸಿದರು? ಮುಚ್ಚಿ, ಇದ್ದಲ್ಲಿ ಇಟ್ಟು, ಎದ್ದು ಹೋಗಿ ಒಂದು ಕೊಡ ನೀರು ತನ್ನಿ. ಅದಾದರೂ ಮನೆಗೆ ಉಪಯೋಗಕ್ಕೆ ಬಂದೀತು. ನಾನು ಇದನ್ನು ನನಗಾಗಿ ಬರೆಯುತ್ತಿದ್ದೇನೆ. ಓದುತ್ತಿರುವವನು ನನ್ನ ಅಳಿಯ ಅಲ್ಲಾಸಾಬನಾಗಿದ್ದರೆ ಕೇಳು: ಮುಂದೆ ಇರುವುದೆಲ್ಲ ನಿನ್ನ ಸುದ್ದಿಯೇ, ಅದರಲ್ಲಿ ಒಳ್ಳೆಯದು ಒಂದೂ ಇಲ್ಲ. ಓದಿ ಅತ್ತರೆ ಹಾಳೆ ನೆನೆಯುತ್ತದೆ, ದೂರ ಕೂತು ಅಳು.

ನಾನು ರಸೂಲಬಿ. ಕನ್ನಡ ನಾಲ್ಕನೆಯ ಇಯತ್ತೆ ಓದಿದವಳು. ಐದನೆಯದಕ್ಕೆ ಅಪ್ಪ ಬಿಡಲಿಲ್ಲ. ಪುಂಡಲೀಕಪ್ಪ ಮಾಸ್ತರರು ಮನೆತನಕ ಬಂದು, "ಹುಡುಗಿ ಅಕ್ಷರ ಮುತ್ತಿನಂಗ ಅದಾವು, ಸಾಲಿ ಬಿಡಸಬ್ಯಾಡ್ರಿ" ಅಂದರು. "ಮುತ್ತು ಪೋಣಸಾಕ ಗಂಡನ ಮನಿ ಐತಿ" ಎಂದು ಅಪ್ಪ ನಕ್ಕ. ಆ ಮುತ್ತುಗಳು ಈಗ ಹುಣಸೆಬೀಜಗಳಾಗಿವೆ. ಆದರೂ ನನ್ನವು.

ಹಜ್ಜಿಗೆ ನನ್ನ ಹೆಸರು ಬಂದಿದೆ. ಹೆಂಗಸು ಒಬ್ಬಳೇ ಹೋಗುವಂತಿಲ್ಲ, ಗಂಡನೋ ಮಗನೋ ಅಳಿಯನೋ ಜೊತೆಗಿರಬೇಕು. ಗಂಡ ಮಣ್ಣಾದ. ಮಗ ಹುಟ್ಟಲೇ ಇಲ್ಲ. ಉಳಿದವನು ಅಳಿಯ ದೇವರು. ಬೆಟಗೇರಿಯಲ್ಲಿ ಸೀರೆ ನೇಯುತ್ತಾನೆ. ನನ್ನ ಮಗಳು ಮೋತಿಬಿಯನ್ನು ಕಟ್ಟಿಕೊಂಡು ಹೋದ, ಒಂದು ಜ್ವರಕ್ಕೆ ಅವಳನ್ನು ಕೊಟ್ಟು ಕೈಕಟ್ಟಿ ಕೂತ. ಆಗ ಸುಗ್ರಾ ಇನ್ನೂ ಹಾಲು ಕುಡಿಯುವ ಕೂಸು. ಅಂದಿನಿಂದ ನನ್ನ ಮಗ್ಗುಲಲ್ಲೇ ಮಲಗಿ ಏಳು ವರ್ಷದವಳಾಗಿದ್ದಾಳೆ.

ಈಗ ಇವನಿಗೆ ಲಕ್ಷ್ಮೇಶ್ವರದಲ್ಲಿ ಹೆಣ್ಣು ಗೊತ್ತಾಗಿದೆ. ಬಳೆ ಅಂಗಡಿಯ ಶೇಖಸಾಬನ ಮಗಳು. ಹಜ್ಜಿನಿಂದ ಬಂದ ಮೇಲೆ ನಿಕಾಹ್, ಆಮೇಲೆ ಸುಗ್ರಾಳನ್ನು ಬೆಟಗೇರಿಗೆ ಕರೆದುಕೊಂಡು ಹೋಗುತ್ತಾನಂತೆ. ಕರಕೊಂಡು ಹೋಗಲಿಕ್ಕೆ ಅವಳೇನು ಸಂತೆಯ ಕುರಿಮರಿಯೇ?

ನಾನು ಹಜ್ಜಿಗೆ ಹೊರಟಿರುವುದು ಅಲ್ಲಾಹನಿಗಾಗಿ. ಅಲ್ಲಾಸಾಬನನ್ನು ಜೊತೆಗೆ ಎಳೆದುಕೊಂಡು ಹೊರಟಿರುವುದು ಸುಗ್ರಾಳಿಗಾಗಿ. ಹಡಗು ಜಿದ್ದಾ ಬಂದರು ಸೇರುವುದರೊಳಗೆ "ಹುಡುಗಿ ನಿಮ್ಮಾಕೀನ" ಎಂದು ಅವನ ಬಾಯಿಂದ ಹೊರಡಿಸದಿದ್ದರೆ ನನ್ನ ಹೆಸರು ಬದಲಿಸಿ ಕರೆಯಿರಿ. ಅಲ್ಲಿಯತನಕ ಸುಗ್ರಾ ಪಕ್ಕದ ಮನೆಯ ಹನಮವ್ವನ ಹತ್ತಿರ ಇರುತ್ತಾಳೆ.

೧೪ ಅಕ್ಟೋಬರ್, ಹಡಗು

ಗದಗಿನಲ್ಲಿ ಗಾಡಿ ಹತ್ತಿ, ಮೀರಜದಲ್ಲಿ ಇಳಿದು ಇನ್ನೊಂದು ಹತ್ತಿ, ಮುಂಬಯಿಯ ಮುಸಾಫಿರಖಾನೆಯಲ್ಲಿ ತಿಗಣೆಗಳಿಗೆ ಊಟ ಹಾಕಿ, ಇವತ್ತು ಹಡಗು ಏರಿದೆವು. ಹಡಗೆಂದರೆ ನೀರಿನ ಮೇಲಿನ ಚಾಳು. ಕಬ್ಬಿಣದ ಮಂಚದ ಮೇಲೆ ಇನ್ನೊಂದು ಕಬ್ಬಿಣದ ಮಂಚ. ಅಲ್ಲಾಸಾಬ ಮೇಲಿನದಕ್ಕೆ ಹತ್ತಿದ. ರಾತ್ರಿ ಅವನು ಹೊರಳಿದಾಗ ತುಕ್ಕು ನನ್ನ ಮುಖದ ಮೇಲೆ ಉದುರುತ್ತದೆ.

ಸಮುದ್ರ ನೋಡಿದೆ. ಇಷ್ಟೊಂದು ನೀರು, ಒಂದು ಗುಟುಕು ಕುಡಿಯಲು ಬಾರದು. ನಮ್ಮ ಅಳಿಯನ ಹಾಗೆ. ಇಷ್ಟೆತ್ತರ ಇದ್ದಾನೆ, ಏನು ಬಂತು?

ನಾನು ಬರೆಯುವಾಗ ಮೇಲಿನಿಂದ ಇಣುಕಿದ. ಈ ಹಡಗಿನಲ್ಲಿ ಕನ್ನಡ ಓದಬಲ್ಲವನು ಇವನೊಬ್ಬನೇ ಎಂದು ಕಾಣುತ್ತದೆ.

"ಏನ್ ನೋಡಾಕತ್ತೀ?"

"ಏನಿಲ್ರಿ ಅತ್ತಿ. ನಿಮ್ಮ ಅಕ್ಷರ ನಿಮಗಾದ್ರೂ ತಿಳೀತಾವೋ ಇಲ್ಲೋ ಅಂತ ನೋಡಿದೆ."

ಹಗ್ಗ ಸಡಿಲವಾಗಿದೆ ಇವನಿಗೆ. ಊರಲ್ಲಿ ಹೀಗೆ ಮಾತಾಡುತ್ತಿರಲಿಲ್ಲ.

೧೬ ಅಕ್ಟೋಬರ್

ಒಂದು ಇಂಜಿನ್ನು ಕೆಟ್ಟಿತು. ಹಡಗು ಈಗ ಬಾಣಂತಿಯ ಹಾಗೆ ನಡೆಯುತ್ತಿದೆ. ಜನ ನೀರಿಗೆ ಸಾಲು, ಪಾಯಖಾನೆಗೆ ಸಾಲು, ದುಆ ಬೇಡಲು ಸಾಲು.

ಹಡಗು ನಿಧಾನವಾದದ್ದಕ್ಕೆ ಖುಷಿಪಟ್ಟವನು ಒಬ್ಬನೇ, ದಾದಾಮಿಯಾ ಎಂಬ ಖಲಾಸಿ. ರತ್ನಾಗಿರಿ ಕಡೆಯವನು, ಹಡಗಿನ ಹಿಂಭಾಗ ತೊಳೆಯುವುದು ಅವನ ಕೆಲಸ. ದಪ್ಪ ನೈಲಾನ್ ಹುರಿಯ ತುದಿಗೆ ಬೆರಳುದ್ದದ ಕೊಕ್ಕೆ, ಕೊಕ್ಕೆಗೆ ಬಿಳಿ ಚಿಂದಿ ಕಟ್ಟಿ ಹಿಂದಿನಿಂದ ಸಮುದ್ರಕ್ಕೆ ಬಿಟ್ಟಿದ್ದಾನೆ. ಹಡಗು ಹೋದ ಹಾಗೆ ಅದು ಹಿಂದೆ ಹಿಂದೆ ಬರುತ್ತದೆ. ಹಡಗು ಜೋರಾಗಿ ಓಡಿದರೆ ಕೊಕ್ಕೆ ನೀರ ಮೇಲೆ ಕಪ್ಪೆಯ ಹಾಗೆ ಜಿಗಿಯುತ್ತದಂತೆ, ದೊಡ್ಡ ಮೀನು ಅದಕ್ಕೆ ಬಾಯಿ ಹಾಕುವುದಿಲ್ಲವಂತೆ. ಈ ನಡಿಗೆ ಸರಿಯಾದ ನಡಿಗೆ ಎನ್ನುತ್ತಾನೆ.

ಹುರಿಯ ಇನ್ನೊಂದು ತುದಿಯನ್ನು ಕಟಕಟೆಗೆ ಕಟ್ಟಿದ್ದಾನೆ. ನಡುವೆ ಲಾರಿ ಟ್ಯೂಬಿನ ರಬ್ಬರು, ಒಂದು ಡಬ್ಬಿಯಲ್ಲಿ ನಾಲ್ಕು ಕಲ್ಲು. ಮೀನು ಜಗ್ಗಿದರೆ ರಬ್ಬರು ಹಿಗ್ಗುತ್ತದೆ, ಡಬ್ಬಿ ಗಲಗಲ ಎನ್ನುತ್ತದೆ.

ನನಗೆ ನಗು ಬಂತು. ನಮ್ಮಪ್ಪ ಮೆಣಸಿನಕಾಯಿ ಚೀಲ ಹೇರಿಕೊಂಡು ಕೊರ್ಲಹಳ್ಳಿಯಲ್ಲಿ ಹರಗೋಲಿನಿಂದ ತುಂಗಭದ್ರೆ ದಾಟುತ್ತಿದ್ದ. ದಾಟುವಾಗಲೆಲ್ಲ ಹಿಂದೆ ಗಾಳ ಬಿಡುತ್ತಿದ್ದ. ರಬ್ಬರಿಲ್ಲ, ಡಬ್ಬಿಯಿಲ್ಲ. ಹುರಿಯನ್ನು ಅಂಗೈಗೆ ಸುತ್ತಿಕೊಂಡು ಕೂರುತ್ತಿದ್ದ, ಬಾಳೆ ಮೀನು ಕಚ್ಚಿದರೆ ಹರಗೋಲು ಗಿರ್ರನೆ ತಿರುಗಿ ಮೀನಿನ ಬೆನ್ನು ಹತ್ತುತ್ತಿತ್ತು, ನಾವೆಲ್ಲ ಕಿರುಚುತ್ತಿದ್ದೆವು. ಅದು ಗಂಡಸಿನ ಮೀನುಗಾರಿಕೆ.

ಅಲ್ಲಾಸಾಬ ದಿನವಿಡೀ ಅಲ್ಲೇ ನಿಂತಿದ್ದ. ನೂಲು ಕಂಡಲ್ಲಿ ನೇಕಾರ ನಿಲ್ಲುತ್ತಾನೆ.

೧೭ ಅಕ್ಟೋಬರ್

ಬಿಳಿ ಚಿಂದಿಗೆ ಒಂದು ಮೀನೂ ಬರಲಿಲ್ಲ. ಅಲ್ಲಾಸಾಬ ತನ್ನ ಗಂಟು ಬಿಚ್ಚಿ ಒಂದು ಗೊಂಡೆ ತೆಗೆದ. ಕೆಂಪು ರೇಷ್ಮೆ, ನಡುನಡುವೆ ಜರಿ. ಅದನ್ನು ಬಿಡಿಸಿ, ಕೊಕ್ಕೆಯ ಸುತ್ತ ಕುಚ್ಚು ಕಟ್ಟಿದ. ನೀರಿಗೆ ಬಿಟ್ಟರೆ ಜೀವ ಬಂದ ಹಾಗೆ ಉಸಿರಾಡುತ್ತಾ ಮಿಣಮಿಣ ಎಂದಿತು. ದಾದಾಮಿಯಾ ಇವನ ಬೆನ್ನು ತಟ್ಟಿದ.

ಆ ಗೊಂಡೆ ಯಾವುದೆಂದು ನನಗೆ ಗೊತ್ತಾಯಿತು. ಲಕ್ಷ್ಮೇಶ್ವರದವಳಿಗೆ ನೇಯ್ದ ಸೀರೆಯ ಸೆರಗಿನದು.

"ಅದನ್ಯಾಕ ಗಂಟಿನ್ಯಾಗ ಇಟ್ಕೊಂಡು ತಿರಗಾಕತ್ತಿ?"

"ಬಣ್ಣ ಛಲೋ ಕೂತಿತ್ರಿ. ಸುಮ್ಮನ ಇಟ್ಕೊಂಡಿದ್ದೆ."

ನನ್ನ ಮೋತಿಬಿಗೆ ಮದುವೆಯಲ್ಲಿ ಉಡಿಸಿದ್ದು ಅಂಗಡಿಯ ಸೀರೆ. ಆಗ ಮಗ್ಗದ ಮೇಲೆ ಬೇರೆಯವರ ಸೀರೆಯ ಹಾಸು ಇತ್ತು ಎಂದಿದ್ದ.

೧೮ ಅಕ್ಟೋಬರ್

ಬೆಳಿಗ್ಗೆ ಡಬ್ಬಿ ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು. ಗಂಡಸರೆಲ್ಲ ಓಡಿದರು. ಹಡಗು ಯಾರಿಗಾಗಿಯೂ ನಿಲ್ಲುವುದಿಲ್ಲ, ಅದರ ಪಾಡಿಗೆ ಅದು ಹೋಗುತ್ತಿರುತ್ತದೆ. ಇವರು ಸಾಲಾಗಿ ನಿಂತು ತೇರಿನ ಹಗ್ಗ ಎಳೆದ ಹಾಗೆ ಎಳೆದರು. ಕಟಕಟೆ ದಾಟಿ ಬಂದು ಬಿತ್ತು. ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಒಂದು ಹೋತಿನಷ್ಟು ತೂಕ. ಕುಪ್ಪಾ ಎನ್ನುತ್ತಾರಂತೆ. ಬಾಲ ಕಬ್ಬಿಣದ ಮೇಲೆ ತಾಸೆಯ ಹಾಗೆ ಬಾರಿಸುತ್ತಿತ್ತು, ದಾದಾಮಿಯಾ ಕಟ್ಟಿಗೆಯಿಂದ ಹೊಡೆದು ಸುಮ್ಮನಾಗಿಸಿದ. ನೋಡನೋಡುತ್ತ ಮೈಮೇಲಿನ ನೀಲಿ ಎಲ್ಲ ಬೂದಿಯಾಯಿತು.

ಹಜ್ಜಿಗೆ ಹೊರಟವರು ಜೀವ ತೆಗೆಯಬಾರದೆಂದು ಒಬ್ಬ ಗೊಣಗಿದ. ಮೌಲವಿಯೊಬ್ಬರು, ನೆಲದ ಬೇಟೆಗೆ ತಡೆ ಇದೆ, ಸಮುದ್ರದ್ದಕ್ಕೆ ಇಲ್ಲ ಎಂದರು. ಮಧ್ಯಾಹ್ನ ಗೊಣಗಿದವನೇ ಮೊದಲು ತಟ್ಟೆ ಹಿಡಿದಿದ್ದ.

ಎಲ್ಲರೂ ಅಲ್ಲಾಸಾಬನ ಕುಚ್ಚನ್ನು ಹೊಗಳಿದರು. ಅವನು ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ. ಮೋತಿಬಿ ಸತ್ತ ಮೇಲೆ ಈ ಮನುಷ್ಯನ ಹಲ್ಲು ನೋಡಿದ್ದು ಇದೇ ಮೊದಲು. ಹೆಂಡತಿ ಮಣ್ಣಿನಲ್ಲಿ, ಇವನಿಗೆ ನಗು.

ಮೀನು ಮಾತ್ರ ರುಚಿಯಾಗಿತ್ತು.

೧೯ ಅಕ್ಟೋಬರ್

ಕೇಳಿದೆ. ನಯವಾಗಿಯೇ ಕೇಳಿದೆ.

"ಸುಗ್ರಾನ ನನ್ನ ಹತ್ರಾನ ಬಿಡು. ಹೊಸಾ ಹೇಣ್ತಿ ಬರ್ತಾಳ, ಹೊಸಾ ಮಕ್ಕಳಾಗ್ತಾವು. ನಿನಗೇನ್ ಕಮ್ಮಿ?"

"ಇಲ್ರಿ ಅತ್ತಿ."

"ಏನಂದಿ?"

"ಇಲ್ಲಾ ಅಂದೆರಿ. ಮಗಳು ನನ್ನಾಕಿ. ಸಂಜಿಕ ಬಾಗಲಾ ತೆಗದ್ರ ಒಳಗ ಯಾರೂ ಇರೂದಿಲ್ಲ. ಇಷ್ಟು ವರ್ಷ ನಿಮ್ಮ ಮಾತಿಗೆ ಎದುರಾಡ್ಲಿಲ್ಲ. ಇದಕ್ಕ ಆಡ್ತೀನಿ."

"ಕಂಡಿಕಿಗೆ ನೂಲು ಸುತ್ತಾಕ ಒಂದು ಆಳು ಬೇಕಾಗೇತಿ, ಅಷ್ಟ ಹೇಳು."

"ಮಗ್ಗದ ಮನಿಗೆ ಕಾಲಿಡಗೊಡೂದಿಲ್ರಿ. ಸಾಲಿಗೆ ಹಚ್ತೀನಿ. ನಾಕನೇದಕ್ಕ ಬಿಡ್ಸೂದಿಲ್ಲ. ಐದನೇದೂ ಓದ್ಲಿ, ಆರನೇದೂ ಓದ್ಲಿ."

ಐದನೆಯದರ ಮಾತನ್ನು ನನ್ನೆದುರಿಗೆ ಆಡಬೇಕಿತ್ತೇ? ಇವನು ಈ ಪುಸ್ತಕ ಓದಿದ್ದಾನೆ. ಖಂಡಿತ ಓದಿದ್ದಾನೆ.

ಹೇಳಿ ಎದ್ದು ಹೋದ. ನೇರವಾಗಿ ಆ ಹುರಿಯ ಹತ್ತಿರಕ್ಕೆ.

೨೦ ಅಕ್ಟೋಬರ್, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಗಂಡಸರೆಲ್ಲ ಹಿಂಭಾಗದಲ್ಲಿ ಸೇರಿದ್ದರು. ಅಲ್ಲಾಸಾಬ ಹೊಸ ಕುಚ್ಚು ಕಟ್ಟಿ ಬಿಟ್ಟಿದ್ದ. ಸುತ್ತ ಜನ, ನಡುವೆ ಇವನು, ಊರ ಗೌಡನ ಗತ್ತು. ನಾನೂ ಹೋಗಿ ನಿಂತೆ.

"ರಬ್ಬರು, ಡಬ್ಬಿ!" ಎಂದೆ. "ಕೂಸಿನ ತೊಟ್ಲಕ್ಕ ಕಟ್ಟಿದಂಗ ಐತಿ. ನಮ್ಮಪ್ಪ ಕೈಗೆ ಸುತ್ಕೊಂಡು ಕುಂಡ್ರತಿದ್ದ. ನೀ ಮಗ್ಗದ ಕುಣ್ಯಾಗ ಕಾಲು ಬಿಟ್ಕೊಂಡು ಕುಂತ ಗಂಡಸು, ನಿನಗ ರಬ್ಬರ ಬೇಕು."

ಕೆಲವರಿಗೆ ನನ್ನ ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಮುಸಲ್ಮಾನಿ ಮಾತಿನಲ್ಲಿ ಹೇಳಿದೆ, ಎಲ್ಲರಿಗೂ ತಿಳಿಯುವ ಹಾಗೆ. ನಕ್ಕರು.

"ಹೊಳಿ ಬ್ಯಾರೆ, ಇದು ಬ್ಯಾರೆರಿ ಅತ್ತಿ" ಎಂದ.

"ನೀರು ನೀರ. ಗಂಡಸು ಬ್ಯಾರೆ. ನಿನ್ನ ಕೈಯಾಗ ದಮ್ಮಿದ್ರ ನನ್ನ ಮಗಳು ಉಳೀತಿದ್ಲು. ಗಂಡಸಾದ್ರ ಸುತ್ಕೋ."

ಅವನು ನನ್ನ ಮುಖ ನೋಡಿದ. ಕಟಕಟೆಯ ಆಚೆ ಬಗ್ಗಿ, ರಬ್ಬರಿನಿಂದ ಮುಂದಿನ ಹುರಿಯನ್ನು ಒಳಕ್ಕೆ ಎಳೆದು, ಬಲಗೈಗೆ ಎರಡು ಸುತ್ತು ಸುತ್ತಿಕೊಂಡ. ದಾದಾಮಿಯಾ ಆಗ ಸಾಬೂನಿನ ನೀರು ತರಲು ಹೋಗಿದ್ದ, ಇದ್ದಿದ್ದರೆ ಬಿಡುತ್ತಿರಲಿಲ್ಲವಂತೆ. ಆಮೇಲೆ ಹೇಳಿದ. ಆಮೇಲೆ ಎಲ್ಲರೂ ಹೇಳುತ್ತಾರೆ.

ಮೀನು ಬಂದದ್ದನ್ನು ನಾನು ನೋಡಿದೆ. ದೂರದಲ್ಲಿ ನೀರು ಸೀಳಿತು. ಮೂಗು ಭರ್ಚಿಯ ಹಾಗೆ ಚೂಪು, ಬೆನ್ನ ಮೇಲೆ ಸೆರಗು ಬಿಚ್ಚಿದ ಹಾಗೆ ಒಂದು ರೆಕ್ಕೆ. ಎತ್ತಿನಷ್ಟು ಉದ್ದ. ಆಕಾಶಕ್ಕೆ ಎದ್ದು ನಿಂತಿತು, ಬಾಯಲ್ಲಿ ಆ ಕೆಂಪು ಕುಚ್ಚು. ಬಿದ್ದು, ತಿರುಗಿ ಓಡಿತು. ಮೀನು ಆ ಕಡೆ, ಹಡಗು ಈ ಕಡೆ. ಹರಗೋಲಾಗಿದ್ದರೆ ಮೀನಿನ ಬೆನ್ನು ಹತ್ತಿ ತಿರುಗುತ್ತಿತ್ತು. ಹಡಗು ತಿರುಗಲಿಲ್ಲ.

ಅವನು ಕೂಗಲೂ ಇಲ್ಲ. ಕೈ ಕಟಕಟೆಗೆ ಬಡಿಯಿತು, ಹುರಿ ಹೊಗೆಯಾಡಿದ ಹಾಗೆ ಸರಿಯಿತು. ಒಂದು ಬೆರಳು ನನ್ನ ಚಪ್ಪಲಿಯ ಹತ್ತಿರ ಬಿತ್ತು. ಇನ್ನೊಂದು ಮೀನಿನ ಜೊತೆ ಹೋಯಿತು.

ತೋರುಬೆರಳು, ನಡುಬೆರಳು. ಎಳೆಗೆ ಎಳೆ ಸೇರಿಸಿ ಹೊಸೆಯುವ ಬೆರಳುಗಳು.

೨೧ ಅಕ್ಟೋಬರ್

ಹಡಗಿನ ಡಾಕ್ಟರು ಉಳಿದ ತುಂಡುಗಳನ್ನು ಕತ್ತರಿಸಿ ಹೊಲಿದರು. ಕೈ ಈಗ ದೊಡ್ಡ ಗಂಟಿನ ಹಾಗಿದೆ. ಜ್ವರ.

ಹೇಳಿದವಳು ನಾನು, ಸುತ್ತಿಕೊಂಡವನು ಅವನು. ಬಾವಿಗೆ ಬೀಳು ಎಂದರೆ ಬೀಳುತ್ತಾನೆಯೇ? ಬೀಳುತ್ತಾನೆ. ಅಂಥ ದಡ್ಡ.

೨೨ ಅಕ್ಟೋಬರ್

ಊಟ ಬಂತು. ಬಲಗೈ ಕೆಲಸಕ್ಕಿಲ್ಲ. ಎಡಗೈಯನ್ನು ತಟ್ಟೆಗೆ ಹಾಕಲು ಹೋದ. ಇಷ್ಟು ಜನ ಹಾಜಿಗಳೆದುರು ಎಡಗೈಯಲ್ಲಿ ಉಂಡರೆ ಮುಂಡರಗಿಯವರ ಮರ್ಯಾದೆ ಏನಾಗಬೇಕು? ತಟ್ಟೆ ಕಿತ್ತುಕೊಂಡು ನಾನೇ ತುತ್ತು ಮಾಡಿ ಬಾಯಿಗೆ ಇಟ್ಟೆ. ಅದು ಮರ್ಯಾದೆಗಾಗಿ.

"ಬ್ಯಾಡ್ರಿ" ಅಂದ.

"ಬಾಯಿ ತೆಗಿ. ನಿನ್ನ ಸೊಕ್ಕು ಮೀನ ತಿಂತು, ಅನ್ನಾನಾದ್ರೂ ನೀ ತಿನ್ನು."

ತಿಂದ. ಮೀಸೆಗೆ ಬೇಳೆ ಅಂಟಿತ್ತು, ಒರೆಸಿದೆ. ಸುಗ್ರಾಳಿಗೂ ಹೀಗೆಯೇ ಒರೆಸುತ್ತೇನೆ, ಅಭ್ಯಾಸ.

೨೪ ಅಕ್ಟೋಬರ್

ಇಂಜಿನ್ನು ಸರಿಯಾಯಿತು. ಹಡಗು ಓಡುತ್ತಿದೆ. ದಾದಾಮಿಯಾ ಹುರಿ ಸುತ್ತಿ ಇಟ್ಟಿದ್ದಾನೆ. ನನ್ನನ್ನು ಕಂಡರೆ ಬಕೆಟ್ಟು ತೆಗೆದುಕೊಂಡು ಆ ಕಡೆ ಹೋಗುತ್ತಾನೆ.

ಮೇಲಿನ ಮಂಚ ಹತ್ತಲು ಅಲ್ಲಾಸಾಬನಿಗೆ ಆಗುವುದಿಲ್ಲ. ನಾನು ಮೇಲೆ ಮಲಗುತ್ತೇನೆ. ಈ ವಯಸ್ಸಿನಲ್ಲಿ ಏಣಿ ಹತ್ತಿಸಿದ.

೨೬ ಅಕ್ಟೋಬರ್

ಹಡಗಿನ ಭೋಂಗಾ ಕೂಗಿತು. ಹಜ್ಜಿನ ಬಟ್ಟೆ ತೊಡುವ ಇಹ್ರಾಮಿನ ಗಡಿ ಬಂತು. ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡರು. ಅಲ್ಲಾಸಾಬನಿಗೆ ಒಂದು ಕೈಯಲ್ಲಿ ಕಟ್ಟಲು ಬರಲಿಲ್ಲ. ಸೊಂಟದ್ದನ್ನು ಮೌಲವಿ ಕಟ್ಟಿಕೊಟ್ಟರು, ಹೆಗಲದ್ದನ್ನು ನಾನು ಹೊದಿಸಿದೆ. ಬಿಳಿ ಬಟ್ಟೆ ಹೊದಿಸಿ ಎರಡು ಸಲ ಸರಿಮಾಡಿದೆ, ಗಾಳಿ ಇತ್ತು.

ಇಂದಿನಿಂದ ಜಗಳ ಆಡುವಂತಿಲ್ಲ, ಬೈಯುವಂತಿಲ್ಲ. ಬರೆದರೂ ಬೈಗುಳವೇ ಎಂದು ಮೌಲವಿ ಹೇಳಿದರು.

ಹಾಗಾದರೆ ಬರೆಯಲು ಏನೂ ಇಲ್ಲ.

೯ ನವೆಂಬರ್, ಅರಫಾತ್

ನಿಂತೆ. ಕೇಳಿದೆ. ಅಲ್ಲಾಹನಲ್ಲಿ ಏನು ಕೇಳಿದೆನೆಂದು ಬರೆಯುವುದಿಲ್ಲ.

೧೧ ನವೆಂಬರ್, ಮಿನಾ

ಸೈತಾನನಿಗೆ ಕಲ್ಲು. ಅಲ್ಲಾಸಾಬ ಎಡಗೈಯಲ್ಲಿ ಎಸೆದ, ಮುಂದಿದ್ದ ತುರ್ಕಿಯವನ ತಲೆಗೆ ತಾಕಿತು. ಅವನ ಪಾಲಿನ ಕಲ್ಲುಗಳನ್ನೂ ನಾನೇ ಎಸೆದೆ. ನನಗೆ ಗುರಿ ತಪ್ಪುವುದಿಲ್ಲ.

೭ ಡಿಸೆಂಬರ್, ತಿರುಗಿ ಹಡಗು

ಈಗ ಬೈಯಬಹುದು. ಬೈಯಲು ಕೂತರೆ ಅವನು ಎದುರಿಗೆ ಇರುವುದಿಲ್ಲ. ದಿನವಿಡೀ ಹಿಂಭಾಗದಲ್ಲಿ ಕೂತು ಹಡಗು ಬಿಟ್ಟುಬಂದ ನೊರೆಯ ದಾರಿ ನೋಡುತ್ತಾನೆ. ಗಾಯ ಒಣಗಿದೆ. ಚರ್ಮ ಕೂಸಿನ ಅಂಗಾಲಿನಂತೆ ಕೆಂಪಗಿದೆ. ಅದರ ಮೇಲೊಂದು ಬಟ್ಟೆ ಸುತ್ತಿಕೊಂಡಿದ್ದಾನೆ, ಯಾರಿಗೂ ತೋರಿಸುವುದಿಲ್ಲ.

"ಶೇಖಸಾಬಗ ಏನ್ ಹೇಳ್ತಿ?" ಎಂದೆ.

"ನಾನ ಹೋಗಿ ಹೇಳ್ತೀನ್ರಿ. ಸಾವಕಾಶ ಹೇಳ್ತೀನಿ. ನೀವು ಮಾತ್ರ ಹೇಳಬ್ಯಾಡ್ರಿ, ಅತ್ತಿ. ಅಷ್ಟ ಕೇಳ್ಕೊಂತೀನಿ."

ತುತ್ತು ಈಗಲೂ ನಾನೇ ಕೊಡುತ್ತೇನೆ. ಚಮಚದಿಂದ ತಿನ್ನಲು ಬರುತ್ತದೆ ಎಂದು ಅವನು ಎರಡು ಸಲ ಹೇಳಿದ. ಚಮಚದಲ್ಲಿ ತಿಂದರೆ ಹೊಟ್ಟೆ ತುಂಬುತ್ತದೆಯೇ?

೧೬ ಡಿಸೆಂಬರ್, ಗದಗ ಸ್ಟೇಶನ್, ಆಮೇಲೆ ಮನೆ

ಗಾಡಿ ನಿಂತಿತು. ಹೂವಿನ ಹಾರ, ಅತ್ತರು, ಹಾಜಿಗಳ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ. ಹನಮವ್ವ ಸುಗ್ರಾಳನ್ನು ಎತ್ತಿಕೊಂಡು ಬಂದಿದ್ದಳು. ಸುಗ್ರಾ ನನ್ನನ್ನು ನೋಡಿದಳು, ಕೈಚಾಚಿದ್ದು ಅಪ್ಪನ ಕಡೆಗೆ. ಅವನು ಎಡಗೈಯಲ್ಲಿ ಎತ್ತಿಕೊಂಡ. "ಅಬ್ಬಾ, ಸಮುದ್ರ ತಂದೀಯೇನು?" ಎಂದು ಅವನ ಕೊರಳಿಗೆ ಬಿದ್ದಳು. ಎರಡು ತಿಂಗಳು ನಾನು ಆ ಹುಡುಗಿಗಾಗಿ ಸತ್ತಿದ್ದೇನೆ.

ಅಷ್ಟರಲ್ಲಿ ಶೇಖಸಾಬ ಬಂದ. ಲಕ್ಷ್ಮೇಶ್ವರದಿಂದ ದೊಡ್ಡ ಹಾರ, ಸಕ್ಕರೆ ಪೊಟ್ಟಣ, ಹಿಂದೆ ನಾಲ್ಕು ಮಂದಿ. ಹಾರ ಹಾಕಿದ, ಅಪ್ಪಿಕೊಂಡ.

"ಕೈ ಮುಟ್ರಿ ಶೇಖಸಾಬ" ಎಂದೆ. "ಹಾಜಿ ಕೈ. ಬರೇ ಅಪ್ಕೊಂಡ್ರ ಆತೇನು? ಬಲಗೈ ಮುಟ್ರಿ."

ಅಲ್ಲಾಸಾಬ ನನ್ನ ಕಡೆ ನೋಡಿದ. ಹಡಗಿನಲ್ಲಿ ನೋಡಿದ ಹಾಗೆಯೇ ನೋಡಿದ. ನಾನು ಅವನ ಮಣಿಕಟ್ಟು ಹಿಡಿದು ಮೇಲೆತ್ತಿ ಬಟ್ಟೆ ಎಳೆದುಬಿಟ್ಟೆ.

ಪ್ಲಾಟ್‌ಫಾರ್ಮು ಇಡೀ ಕತ್ತು ಚಾಚಿತು. ಶೇಖಸಾಬ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡು ತನ್ನ ಶೇರವಾನಿಗೆ ಒರೆಸಿದ. ಏನೂ ಮುಟ್ಟಿರಲಿಲ್ಲ, ಆದರೂ ಒರೆಸಿದ. ಸುಗ್ರಾ ಅಪ್ಪನ ಹೆಗಲ ಮೇಲಿಂದ ಆ ಕೈಯನ್ನು ನೋಡುತ್ತಿದ್ದಳು.

ಬಸ್ ಹತ್ತುವ ಮೊದಲು ಅಲ್ಲಾಸಾಬ ಹುಡುಗಿಯನ್ನು ಇಳಿಸಿ ನನ್ನ ಕಡೆ ನೂಕಿದ.

"ನಿಮ್ಮ ಹತ್ರಾನ ಇರ್ಲಿರಿ ಅತ್ತಿ. ಈ ಕೈಲೆ ನಾ ಏನ್ ನೇಯ್ಲಿ, ಏನ್ ತಿನಸ್ಲಿ?"

ಬಾಯಿ ಬಿಟ್ಟು ಹೇಳಿದ. ಜಿದ್ದಾಕ್ಕೆ ಮುಂಚೆ ಬರಬೇಕಾಗಿದ್ದ ಮಾತು ಗದಗಿನಲ್ಲಿ ಬಂತು. ಗೆದ್ದೆ.

೨೨ ಡಿಸೆಂಬರ್, ಮುಂಡರಗಿ

ಲಕ್ಷ್ಮೇಶ್ವರದ ಸಂಬಂಧ ಮುರಿಯಿತು. ಸೀರೆಯನ್ನೂ ವಾಪಸು ಕಳಿಸಿದರಂತೆ. ಗೊಂಡೆ ಇಲ್ಲದ ಸೀರೆ.

೯ ಜನವರಿ ೧೯೭೯

ದಿನಾ ಜನ. ಖರ್ಜೂರ, ಝಮ್‌ಝಮ್ ನೀರು, ಆಮೇಲೆ ಮೀನಿನ ಕಥೆ. ಕಥೆ ಕೇಳಲಿಕ್ಕೇ ಬರುತ್ತಾರೆ. ನಾನೂ ಎದ್ದು ನಿಂತು, ಸೆರಗನ್ನು ಮೀನಿನ ರೆಕ್ಕೆಯ ಹಾಗೆ ಹಿಡಿದು, ಕೈಗೆ ದಾರ ಸುತ್ತಿ ತೋರಿಸುತ್ತೇನೆ. "ಗಂಡಸಾದ್ರ ಸುತ್ಕೋ ಅಂದ್ನಿ. ಸುತ್ಕೊಂಡ! ಖರೇನ ಸುತ್ಕೊಂಡ, ಹುಚ್ಚಪ್ಯಾಲಿ!" ಎಂದರೆ ಮನೆಯೆಲ್ಲ ನಗು.

ಹನಮವ್ವ ಮಾತ್ರ, "ಹಾಜೀಮಾ, ಹ್ವಾದ ವಾರ ಮೀನ ಎತ್ತಿನಷ್ಟಿತ್ತು, ಈ ವಾರ ಆನಿ ಆಗೇತಿ. ಮೀನ ಬೆಳ್ಯಾಕತ್ತೇತಿ, ಬೆರಳು ಮಾತ್ರ ಬೆಳೀವಲ್ಲವು" ಎಂದಳು. ಅವಳಿಗೆ ಖರ್ಜೂರ ಒಂದೇ ಕೊಟ್ಟೆ.

ಸುಗ್ರಾ ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಾಳೆ. ಅಪ್ಪ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯದೇ.

೨೮ ಜನವರಿ, ಬೆಟಗೇರಿ ಹೋಗಿ ಬಂದೆ

ಗದಗಿನಲ್ಲಿ ಕಣ್ಣಿನ ಔಷಧ ತರಬೇಕಿತ್ತು, ಹಾಗೇ ಹೋದೆ. ಮಗ್ಗದ ಮೇಲೆ ದೇವಪ್ಪ ಎಂಬ ಬೇರೆ ನೇಕಾರ ಕೂತಿದ್ದ. ಅಲ್ಲಾಸಾಬ ಗೋಡೆಗೆ ಒರಗಿ, ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದ. ಆ ಕೆಲಸವನ್ನು ಹೆಂಗಸರು, ಮಕ್ಕಳು ಮಾಡುತ್ತಾರೆ. ಉಳಿದ ಮೂರು ಬೆರಳಿನಿಂದ ಹಿಡಿಕೆ ತಿರುಗಿಸಿ, ಎಡಗೈಯಲ್ಲಿ ನೂಲು ಬಿಡುತ್ತಾನೆ. ನೂಲು ಕಡಿಯುತ್ತದೆ. ಕಡಿದರೆ ಹಲ್ಲಿನಿಂದ ಗಂಟು ಹಾಕುತ್ತಾನೆ. ದೇವಪ್ಪ "ಜಲ್ದಿ ಮಾಡೋ ಹಾಜಿ" ಎಂದು ಕೂಗುತ್ತಿದ್ದ. ಅವನಿಗೇನು ಅಧಿಕಾರ ಕೂಗಲು? ನಾಲ್ಕು ಮಾತು ಅಂದು ಬಂದೆ, ಇನ್ನು ಕೂಗುವುದಿಲ್ಲ.

"ಸುಗ್ರಾ ಹೆಂಗದಾಳ್ರಿ?"

"ನಿನ್ನ ಹೆಸರೂ ಎತ್ತೂದಿಲ್ಲ."

ಖರೆ ಹೇಳಿದೆ. ಅವನು ರಾಟಿಯನ್ನು ತಿರುಗಿಸಿದ.

ಗೂಟಕ್ಕೆ ಬರೆಯುವ ಒಂದು ಹೊಸ ಪಾಟಿ ತೂಗುಹಾಕಿದ್ದ. ಚಿಕ್ಕದು, ಶಾಲೆಯ ಮಕ್ಕಳದು. ಅಂಚಿಗೆ ಕೆಂಪು ರೇಷ್ಮೆಯ ದಾರ.

೮ ಫೆಬ್ರುವರಿ

ಪಡಸಾಲೆಯಲ್ಲಿ ನನ್ನ ಧ್ವನಿ ಕೇಳಿಸಿತು. ನಾನು ಅಡುಗೆ ಮನೆಯಲ್ಲಿದ್ದೆ.

ಹೋಗಿ ನೋಡಿದರೆ ಸುಗ್ರಾ. ಚಿಂದಿಯ ಗೊಂಬೆಯನ್ನು ಕಿಟಕಿಗೆ ಒರಗಿಸಿದ್ದಾಳೆ. ಕಿಟಕಿಯ ಸರಳಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ತನ್ನ ತೋರುಬೆರಳಿಗೆ ಸುತ್ತಿಕೊಂಡು, ಮೈಯೆಲ್ಲ ಹಿಂದಕ್ಕೆ ಜಗ್ಗಿ ನಿಂತಿದ್ದಾಳೆ. "ಗಂಡಸಾದ್ರ ಸುತ್ಕೋ! ಸುತ್ಕೋ ಅಂದ್ನಿ ಹೌದಿಲ್ಲೋ, ಹುಚ್ಚಪ್ಯಾಲಿ!" ಸೊಂಟದ ಮೇಲೆ ಕೈ, ತುಟಿ ಸೊಟ್ಟ. ನಾನು ನಿಲ್ಲುವ ಹಾಗೆಯೇ. ನಗುವೂ ನನ್ನದೇ.

ಬೆರಳು ನೇರಳೆ ಹಣ್ಣಾಗಿತ್ತು. ದಾರ ಮಾಂಸದೊಳಗೆ ಹೂತಿತ್ತು, ಬಿಚ್ಚಲು ಬರಲಿಲ್ಲ. ಅಡಕೊತ್ತಿನಿಂದ ಕತ್ತರಿಸಿದೆ. ನನ್ನ ಕೈಗೇ ತಾಕಿ ರಕ್ತ ಬಂತು.

ಹುಡುಗಿ ಅಳಲಿಲ್ಲ. ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಬೀಳಲಿಲ್ಲಲಾ ನಾನಿ?"

"ಬೀಳ್ಬೇಕಾಗಿತ್ತೇನು?"

"ಬಿದ್ರ ನೀ ನಗತಿದ್ದಿ."

ಅಡಕೊತ್ತನ್ನು ಎಲ್ಲಿಟ್ಟೆನೋ ತಿಳಿಯದು. ಸಂಜೆಯಿಂದ ಹುಡುಕುತ್ತಿದ್ದೇನೆ.

೧೦ ಫೆಬ್ರುವರಿ

ಹಿರೇವಡ್ಡಟ್ಟಿಯಿಂದ ನಾಲ್ವರು ಕಥೆ ಕೇಳಲು ಬಂದಿದ್ದರು. ಗಂಟಲು ಕೆಟ್ಟಿದೆ ಎಂದು ಕಳಿಸಿದೆ.

೧೧ ಫೆಬ್ರುವರಿ

ಅಲ್ಲಾಸಾಬ, ಈ ಪುಸ್ತಕ ಸುಗ್ರಾಳ ಬಟ್ಟೆಯ ಗಂಟಿನ ಮೇಲೇ ಇದೆ. ನಾಳೆ ಹನಮವ್ವ ಗದಗಿಗೆ ಹೋಗುತ್ತಾಳೆ, ಹುಡುಗಿಯನ್ನೂ ಗಂಟನ್ನೂ ನಿನ್ನ ಬಾಗಿಲಿಗೆ ಮುಟ್ಟಿಸುತ್ತಾಳೆ. ಓದಬೇಡ ಎಂದು ಮೊದಲ ಪುಟದಲ್ಲಿ ಬೈದಿದ್ದೆ. ಹೇಗೂ ಅರ್ಧ ಕದ್ದು ಓದಿದ್ದೀಯ, ಉಳಿದದ್ದನ್ನೂ ಓದು.

ನನಗೆ ವಯಸ್ಸಾಯಿತು. ಬಾಯಿಬಡಕಿ ಹುಡುಗಿಯನ್ನು ಸಾಕುವ ಶಕ್ತಿ ಇಲ್ಲ. ಅವಳ ನಾಲಿಗೆ ದಿನಾ ಒಂದು ಗೇಣು ಬೆಳೆಯುತ್ತಿದೆ, ಯಾರಿಂದ ಕಲಿಯುತ್ತಾಳೋ. ನಿನ್ನ ಮನೆಯಲ್ಲಿ ಮಾತಿಲ್ಲ, ಸ್ವಲ್ಪ ದಿನ ಅಲ್ಲಿರಲಿ. ಕಾರಣ ಇಷ್ಟೇ. ಬೇರೆ ಕಾರಣ ಹುಡುಕುತ್ತ ಕೂರಬೇಡ, ನಿನಗೆ ಅಷ್ಟು ಬುದ್ಧಿ ಇಲ್ಲ.

ರಾತ್ರಿ ಅವಳು ಎಡ ಮಗ್ಗುಲಿಗೆ ಮಲಗುತ್ತಾಳೆ. ಬೇಳೆಯಲ್ಲಿ ಖಾರ ಕಡಿಮೆ ಹಾಕು. ಆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು. ದಾರ ಅವಳ ಕೈಗೆ ಸಿಗಬಾರದು. ನೇಕಾರನ ಮನೆಯಲ್ಲಿ ಅದು ಹೇಗೆ ಎಂದು ಕೇಳಬೇಡ, ಹೇಗಾದರೂ ಮಾಡು. ಮೀನಿನ ಕಥೆ ಕೇಳಿದರೆ ನೀನು ನಿನ್ನ ಬಾಯಿಂದ ಹೇಳು. ನಾನು ಹೇಳಿದ ಹಾಗೆ ಹೇಳಬೇಡ. ಐದನೆಯದಕ್ಕೆ ಬಂದಾಗ ಬಿಡಿಸಿದರೆ ನಾನು ಗೋರಿಯಿಂದ ಎದ್ದು ಬರುತ್ತೇನೆ.

ಹುಡುಗಿ ತಲುಪಿದಳೋ, ಉಂಡಳೋ, ನನ್ನ ಹೆಸರು ಎತ್ತಿದಳೋ, ಬರೆದು ತಿಳಿಸು. ಬೇರೆಯವರಿಂದ ಬರೆಸಿದರೆ ಹರಿದು ಒಲೆಗೆ ಹಾಕುತ್ತೇನೆ. ಉಣ್ಣಲು ಸಲ್ಲದ ಕೈ ಬರೆಯಲು ಸಂದೀತು, ಎಡಗೈಯಲ್ಲೇ ಬರಿ. ಅಕ್ಷರ ಹುಣಸೆಬೀಜದಂತಿದ್ದರೂ ನಾನು ಓದುತ್ತೇನೆ. ಮಾರ್ಚ್ ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.